ಕಾಸರಗೋಡಿನ ಕನ್ನಡ ಮಾಧ್ಯಮದವರು ಇನ್‌ಸ್ಟ್ರಕ್ಷನಲ್ ಮೀಡಿಯಾ ಡಿಸೈನ್ ಓದಬಹುದೇ?

ನೀವು ಬದಿಯಡ್ಕದ ಕಡೆಯವರು, ಹತ್ತರ ತನಕ ಕನ್ನಡ ಮಾಧ್ಯಮ, ಈಗ ಬಿ.ಎ. ಕೊನೆಯ ವರ್ಷ. ಚಿತ್ರ ಬಿಡಿಸಲು ಬರುವುದಿಲ್ಲ, ಸಾಫ್ಟ್‌ವೇರ್ ಗೊತ್ತಿಲ್ಲ, ಆದರೂ ಪಾಠದ ವಿಡಿಯೋ, ಇ-ಲರ್ನಿಂಗ್ (ಕಂಪ್ಯೂಟರಿನಲ್ಲಿ ನೋಡಿ ಕಲಿಯುವ ಪಾಠ) ಇಂಥದ್ದನ್ನು ಮಾಡಲು ಕಲಿಸುವ ಕೋರ್ಸಿಗೆ ಸೇರಬಹುದೇ ಎಂದು ಕೇಳಿದ್ದೀರಿ. ಸೇರಬಹುದು. ನಾನು ಪೆರ್ಲದವನು. ಇದನ್ನೇ ಮುಂಬೈಯಲ್ಲಿ ಎರಡು ವರ್ಷ ಓದಿದೆ, ಈಗ ಇದೇ ಕೆಲಸ. ನನಗೆ ಇವತ್ತಿಗೂ ಒಂದು ಹಸುವಿನ ಚಿತ್ರ ನೆಟ್ಟಗೆ ಬಿಡಿಸಲು ಬರುವುದಿಲ್ಲ.

ಸಾಫ್ಟ್‌ವೇರಿನ ಚಿಂತೆ ಬಿಡಿ. ಕೇರಳದ ಶಾಲೆಯಲ್ಲಿ ಓದಿದವರಿಗೆ ಚಿತ್ರ ತಿದ್ದುವ ಜಿಂಪ್, ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಹೈಸ್ಕೂಲಿನ ಐಟಿ ಪಾಠದಲ್ಲೇ ಸಿಕ್ಕಿರುತ್ತದೆ. ನನ್ನ ತರಗತಿಯಲ್ಲಿ ಪಟ್ಟಣದ ಇಂಗ್ಲಿಷ್ ಮೀಡಿಯಂ ಹುಡುಗರಿಗೇ ಅದು ಹೊಸತಾಗಿತ್ತು. ಉಳಿದದ್ದು ಆರು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಕೈಗೆ ಹತ್ತದ್ದು ಬೇರೆಯೇ ಉಂಟು. ನನ್ನ ಮೊದಲ ಪ್ರಾಜೆಕ್ಟಿನ ಕತೆ ಹೇಳಿದರೆ ಗೊತ್ತಾದೀತು.

ವಿಷಯ ನಾವೇ ಆರಿಸಬೇಕಿತ್ತು. ನಾನು ಅಡಿಕೆಗೆ ಬಿಡುವ ಮದ್ದು, ಅಂದರೆ ಬೋರ್ಡೋ ದ್ರಾವಣ ತಯಾರಿಸುವುದನ್ನು ತೆಗೆದುಕೊಂಡೆ. ಮನೆಯ ತೋಟ ಉಂಟು, ಮಹಾಳಿ (ಕೊಳೆರೋಗ) ಬಂದು ಕಾಯಿ ಉದುರುವುದನ್ನು ಕಂಡವನು, ಸುಲಭ ಅಂದುಕೊಂಡೆ. ಹನ್ನೆರಡು ನಿಮಿಷದ ವಿಡಿಯೋ. 1880ರ ದಶಕದ ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಶುರು, ಆಮೇಲೆ ರೋಗಾಣುವಿನ ಲ್ಯಾಟಿನ್ ಹೆಸರು, ಹಿಂದಿನಿಂದ ಚೆಂಡೆ ಮದ್ದಳೆ. ನಮ್ಮ ಮೇಡಂ ಪೂರ್ತಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನು ನೋಡಿದವರು ನಾಳೆ ಬೆಳಿಗ್ಗೆ ಏನು ಮಾಡಬಲ್ಲರು?’ ನನ್ನಲ್ಲಿ ಉತ್ತರ ಇರಲಿಲ್ಲ.

ರಜೆಯಲ್ಲಿ ಊರಿಗೆ ಬಂದಾಗ, ನಮ್ಮಲ್ಲಿ ಮದ್ದು ಬಿಡಲು ಬರುವ ಅಣ್ಣನಿಗೆ ಮೊಬೈಲಿನಲ್ಲಿ ತೋರಿಸಿದೆ. ಅವರ ಮನೆಮಾತು ತುಳು, ಓದಿದ್ದು ಮಲಯಾಳಂ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು, ನಮ್ಮೊಡನೆ ಮಾತು ಕನ್ನಡದಲ್ಲಿ. ನಾನು ರಾತ್ರಿ ಹಗಲು ಕೂತು ತೆರೆಯ ಮೇಲೆ ಕೂರಿಸಿದ್ದ ಚಂದದ ಕನ್ನಡ ಅಕ್ಷರ ಅವರ ಪಾಲಿಗೆ ಬರೀ ಬಳ್ಳಿ ಚಿತ್ತಾರ. ಚೆಂಡೆ ಬಂದಾಗ ಮಾತ್ರ ಮುಖ ಅರಳಿತು, ‘ಇದು ಯಾವ ಮೇಳ?’ ಅಂದರು. ಕೊನೆಗೆ, ‘ಅಲ್ಲ, ಯಾವುದಕ್ಕೆ ಯಾವುದನ್ನು ಹೊಯ್ಯುವುದು ಅಂತ ನೀವು ಹೇಳಲೇ ಇಲ್ಲವಲ್ಲ?’ ನಾನು ‘ಎರಡನ್ನೂ ಬೆರೆಸಿ’ ಎಂದಷ್ಟೇ ಹೇಳಿದ್ದೆ. ಇರುವ ಗುಟ್ಟೆಲ್ಲ ಅಲ್ಲೇ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು ಐವತ್ತು ಲೀಟರಿನಲ್ಲಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕಲಕುತ್ತಾ ಇರಬೇಕು. ಪಾತ್ರೆ ಕಬ್ಬಿಣದ್ದಾಗಬಾರದು. ಆದದ್ದು ಸರಿಯಾಯಿತೋ ಎಂದು ನೋಡಲು ಬೆಳಗಿದ ಕಬ್ಬಿಣದ ಪೀಶಕತ್ತಿಯನ್ನು (ಸಣ್ಣ ಚಾಕು) ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಅಲಗಿಗೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲಲಿಲ್ಲ ಎಂದರ್ಥ.

ಎರಡನೇ ಸಲ ಮಾಡಿದ್ದು ಮೂರು ನಿಮಿಷದ ವಿಡಿಯೋ. ಫ್ರಾನ್ಸ್ ಹೋಯಿತು, ಚೆಂಡೆ ಹೋಯಿತು, ಅಕ್ಷರ ಹೋಯಿತು. ಎರಡು ಡ್ರಮ್ಮು, ಎರಡು ಕೈ, ತುಳುವಿನಲ್ಲಿ ಮಾತು, ಕತ್ತಿಯ ಅಲಗು ತೆರೆ ತುಂಬ. ಸರಿಯಾದ ಅಲಗು ಮತ್ತು ಕೆಂಪಾದ ಅಲಗು ಪಕ್ಕಪಕ್ಕ. ಮುಂಬೈಯ ತರಗತಿಯಲ್ಲಿ ತುಳು ಒಬ್ಬರಿಗೂ ಅರ್ಥವಾಗಲಿಲ್ಲ, ಆದರೆ ಮದ್ದು ಕಲಸುವುದು ಹೇಗೆಂದು ಎಲ್ಲರೂ ಹೇಳಿದರು.

ಕೋರ್ಸಿನಲ್ಲಿ ಓದುವ ಥಿಯರಿ ಬಹುಪಾಲು ಇದೇ. ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದು: ಬೇಡದ ಸಂಗೀತ, ಬೇಡದ ಕತೆ ಸೇರಿಸಿದಷ್ಟೂ ಕಲಿಕೆ ಕಡಿಮೆ, ಮಾತೂ ಅದರ ಚಿತ್ರವೂ ಒಟ್ಟಿಗೆ ಬರಬೇಕು, ಕಲಿಯುವವರಿಗೆ ತಮಗೆ ಬೇಕಾದಲ್ಲಿ ನಿಲ್ಲಿಸಲು ಆಗಬೇಕು. ಈ ಕೊನೆಯದು ನನಗೆ ಅರ್ಥವಾದದ್ದು 2020ರ ಜೂನ್‌ನಲ್ಲಿ. ಕೊರೋನಾದಿಂದ ಶಾಲೆ ಮುಚ್ಚಿ, ಕೇರಳ ಸರ್ಕಾರದ ವಿಕ್ಟರ್ಸ್ ಚಾನೆಲಿನಲ್ಲಿ ಫಸ್ಟ್ ಬೆಲ್ ಎಂಬ ಪಾಠ ಶುರುವಾದಾಗ ನೆರೆಮನೆಯ ಹುಡುಗಿ ಟಿವಿಯಲ್ಲಿ ಬಂದದ್ದನ್ನು ಬರೆದುಕೊಳ್ಳಲಾಗದೆ ಅಳುತ್ತಿದ್ದಳು. ಅದೇ ಪಾಠ ಯೂಟ್ಯೂಬಿನಲ್ಲಿ ಸಿಕ್ಕಿದ ಮೇಲೆ ಸುಮ್ಮನಾದಳು. ಇನ್ನು ಪಾಠ ತಯಾರಿಸುವ ಎ-ಡಿ-ಡಿ-ಐ-ಇ ಎಂಬ ಐದು ಹೆಜ್ಜೆ: ವಿಶ್ಲೇಷಣೆ, ವಿನ್ಯಾಸ, ತಯಾರಿ, ಬಳಕೆ, ಮೌಲ್ಯಮಾಪನ. 1975ರಲ್ಲಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೈನ್ಯಕ್ಕೆ ಮಾಡಿಕೊಟ್ಟದ್ದರಿಂದ ಬಂತು. ಪರೀಕ್ಷೆಗೆ ಬಾಯಿಪಾಠ ಮಾಡಿಕೊಳ್ಳಿ, ಸಾಕು.

ಕೆಲಸ ಉಂಟೇ ಎಂದರೆ, ಉಂಟು, ಹೆಚ್ಚಿನದು ಬೆಂಗಳೂರು, ಪುಣೆಯ ಇ-ಲರ್ನಿಂಗ್ ಕಂಪನಿಗಳಲ್ಲಿ. ಬ್ಯಾಂಕ್ ನೌಕರರಿಗೆ ಗ್ರಾಹಕರ ಗುರುತು ನೋಡುವ ಕೆವೈಸಿ ನಿಯಮ, ಫ್ಯಾಕ್ಟರಿಯವರಿಗೆ ಸುರಕ್ಷತೆ, ಇಂಥದ್ದು. ನೋಡುವವರು ‘ನೆಕ್ಸ್ಟ್’ ಒತ್ತಿ ಮುಗಿಸಿದರೆ ಸಾಕೆಂದು ಕಾಯುತ್ತಿರುತ್ತಾರೆ ಎಂಬುದು ನಿಮಗೂ ಗೊತ್ತಿರುತ್ತದೆ. ಬೇಜಾರು ಬರುತ್ತದೆ ಮಾರಾಯ್ರೆ, ಸುಳ್ಳು ಹೇಳುವುದಿಲ್ಲ. ಕನ್ನಡದ ಕೆಲಸ ಬಂದರೆ ಇನ್ನೊಂದು ತಾಪತ್ರಯ: ಹಳೆಯ ನುಡಿ ಫಾಂಟಿನ ಕಡತ ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ಹೋಗುವಾಗ ಅಲ್ಲಲ್ಲಿ ಕೆಡುತ್ತದೆ, ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕದಿದ್ದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಕೂರುತ್ತದೆ. ನಾನು ಒಮ್ಮೆ ನೋಡದೆ ಕಳಿಸಿ, ಇಡೀ ಸರಣಿಯ ಶೀರ್ಷಿಕೆ ಮತ್ತೆ ಮಾಡಬೇಕಾಯಿತು. ಕನ್ನಡ ಓದಬಲ್ಲ ಒಬ್ಬರಾದರೂ ತಂಡದಲ್ಲಿ ಬೇಕು ಎಂದು ಕಂಪನಿಯವರಿಗೆ ತಿಳಿದದ್ದೇ ಆಮೇಲೆ.

ಕಾಲೇಜು ಹುಡುಕುವಾಗ ಇದೇ ಹೆಸರಿನ ಕೋರ್ಸ್ ಹುಡುಕಬೇಡಿ. ಎಜುಕೇಶನಲ್ ಟೆಕ್ನಾಲಜಿ, ಇ-ಲರ್ನಿಂಗ್, ಲರ್ನಿಂಗ್ ಡಿಸೈನ್ ಎಂದೆಲ್ಲ ಇರುತ್ತದೆ. ನೀವು ಹೆಣ್ಣುಮಗಳಾದರೆ ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಎಜುಕೇಶನಲ್ ಟೆಕ್ನಾಲಜಿ ವಿಭಾಗ ನೋಡಿ. ಮುಂದೆ ಸಂಶೋಧನೆ ಬೇಕೆನಿಸಿದರೆ ಐಐಟಿ ಬಾಂಬೆಯಲ್ಲಿ ಇದರಲ್ಲೇ ಪಿಎಚ್‌ಡಿ ಉಂಟು. ಎಲ್ಲಿ ಸೇರುವುದಾದರೂ ಸಿಲೆಬಸ್ ತರಿಸಿ ಓದಿ. ಬರೀ ಸಾಫ್ಟ್‌ವೇರುಗಳ ಹೆಸರಿದ್ದರೆ ಆ ದುಡ್ಡಿಗೆ ಒಂದು ಒಳ್ಳೆಯ ಲ್ಯಾಪ್‌ಟಾಪ್ ತೆಗೆದುಕೊಳ್ಳಿ.

ಅರ್ಜಿ ಹಾಕುವ ಮೊದಲು ಮನೆಯಲ್ಲಿ ನಡೆಯುವ ಒಂದು ಕೆಲಸ ಹಿಡಿಯಿರಿ, ಅಮ್ಮ ಹಪ್ಪಳ ಒತ್ತುವುದಾದರೂ ಆದೀತು. ಫೋನಿನಲ್ಲಿ ಮೂರು ನಿಮಿಷದ ವಿಡಿಯೋ ಮಾಡಿ, ಆ ಕೆಲಸ ಗೊತ್ತಿಲ್ಲದವರೊಬ್ಬರಿಗೆ ತೋರಿಸಿ, ಅವರು ನೋಡಿ ಮಾಡುವಾಗ ನೀವು ಬಾಯಿ ಮುಚ್ಚಿ ಕೂತುಕೊಳ್ಳಿ. ಎಲ್ಲಿ ತಪ್ಪಿದರೋ ಬರೆದಿಟ್ಟು ಇನ್ನೊಮ್ಮೆ ಮಾಡಿ. ಇಂಟರ್‌ವ್ಯೂಗೆ ಎರಡನ್ನೂ ಒಯ್ಯಿರಿ, ಕೆಟ್ಟದ್ದನ್ನು ಮೊದಲು ತೋರಿಸಿ.