ಕೇಪಿನ ಬಂದೂಕಿನ ಹವ್ಯಾಸ ಶುರು ಮಾಡಬೇಕು: ಯಾವ ಬಂದೂಕು ಕೊಳ್ಳಲಿ? ಮದ್ದಿನ ಕೊಂಬು, ಚೀಲ ನಾನೇ ಮಾಡಿಕೊಳ್ಳಬಹುದೇ?

ಧಾರವಾಡದಲ್ಲಿ ನೌಕರಿ, ಊರಿನ ಅಟ್ಟದ ಮೇಲೆ ಅಜ್ಜನ ಕೇಪಿನ ಬಂದೂಕು, ಅಜ್ಜ ತೀರಿಕೊಂಡು ಎರಡು ವರ್ಷ, ಈಗ ಹೊಸದೊಂದು ಕೊಳ್ಳುವ ಆಸೆ. ನಿಮ್ಮ ಪ್ರಶ್ನೆ ಓದುವಾಗ ಯಾರೋ ನನ್ನದೇ ಕಥೆ ಬರೆದಿದ್ದಾರೆ ಅನ್ನಿಸಿತು. ನನ್ನದು ಹಾನಗಲ್ ಕಡೆಯ ಹಳ್ಳಿ, ದುಡಿಮೆ ಹುಬ್ಬಳ್ಳಿಯಲ್ಲಿ.

ಕೇಪಿನ ಬಂದೂಕು ಅಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಹಿಂದಿನ ತೂತಿನ ಮೇಲೆ ಕಿಡಿ ಕೊಡುವ ಕೇಪು ಕೂರಿಸಿ ಹೊಡೆಯುವಂಥದ್ದು. ನಮ್ಮದು ಒಂಟಿ ನಳಿಗೆಯದು. ಬೆಳೆ ಕಾಯಲು ಕೊಟ್ಟ ಲೈಸೆನ್ಸಿನ ಮೇಲೆ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂತು. ಗೋವಿನಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಕಾಡುಹಂದಿಗಳು ಇಳಿಯುತ್ತವೆ. ಗುಂಡು, ಚರೆ ಏನೂ ಇಲ್ಲದೆ ಬರೀ ಮದ್ದು ಹಾಕಿ, ನಾರು ಜಡಿದು, ಸಪ್ಪಳ ಮಾಡಿ ಓಡಿಸುತ್ತಿದ್ದೆವು. ಅಜ್ಜ ಎಷ್ಟೇ ತಡರಾತ್ರಿ ಹೊಲದಿಂದ ಬಂದರೂ ಒಲೆ ಹೊತ್ತಿಸಿ ನೀರು ಕಾಯಿಸಿ ನಳಿಗೆಗೆ ಹುಯ್ಯದೆ ಊಟಕ್ಕೆ ಕೂಡುತ್ತಿರಲಿಲ್ಲ. ಚಿಕ್ಕವನಿದ್ದಾಗ ಇದೊಂದು ಮಡಿಯ ಪದ್ಧತಿ ಅಂದುಕೊಂಡಿದ್ದೆ.

2024ರ ಮಾರ್ಚ್ 16ರ ಶನಿವಾರ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂತೆಂದರೆ ಬಂದೂಕು ಠಾಣೆಗೆ ಒಪ್ಪಿಸಬೇಕು. ಆ ಮಾತು ಬಂದಾಗಲೆಲ್ಲ ಅಜ್ಜ ಹಲಗಲಿ ಬೇಡರ ಕಥೆ ತೆಗೆಯುತ್ತಿದ್ದರು: 1857ರಲ್ಲಿ ಹತಾರ ಕಸಿಯುವ ಕಾಯ್ದೆ ಬಂದಾಗ ಒಪ್ಪಿಸಲು ಒಲ್ಲೆ ಅಂದ ಊರು. ಕಥೆ ಮುಗಿಸಿ ತಾವೇ ಶಿಸ್ತಾಗಿ ಬಂದೂಕು ತೊಳೆದು, ಒರೆಸಿ, ಠಾಣೆಗೆ ಕೊಟ್ಟು ರಸೀದಿ ತರುತ್ತಿದ್ದರು.

ಆ ಶನಿವಾರ ರಾತ್ರಿ ನಾನು ಎರಡು ಸಲ ಹೊಡೆದಿದ್ದೆ. ಸೋಮವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿರಬೇಕು, ಆದ್ದರಿಂದ ಭಾನುವಾರವೇ ಒಪ್ಪಿಸುವ ಅವಸರ. ಮದ್ದು ಜಡಿಯಲು, ನಳಿಗೆ ಒರೆಸಲು ಬಳಸುವ ಕೋಲಿಗೆ ಗಜ ಅನ್ನುತ್ತೇವೆ; ಆ ಗಜಕ್ಕೆ ಒಣ ಅರಿವೆ ಸುತ್ತಿ ನಾಲ್ಕು ಸಲ ಎಳೆದೆ. ಅರಿವೆ ಕಪ್ಪಾಗಿ ಬಂತು, ಕಡೆಯದು ಸ್ವಲ್ಪ ಬೆಳ್ಳಗಾಯಿತು. ಸಾಕು ಅಂದುಕೊಂಡು ಕೊಬ್ಬರಿ ಎಣ್ಣೆ ಧಾರಾಳವಾಗಿ ಹಾಕಿದೆ. ಧೂಳು ಹೋಗದಿರಲಿ ಅಂತ ನಳಿಗೆಯ ಬಾಯಿಗೆ ಬಟ್ಟೆ ಗಿಡಿದು ಮೇಣ ಮೆತ್ತಿದೆ. ಜೋಪಾನ ಮಾಡಿದೆ ಅನ್ನುವ ಸಮಾಧಾನ ಬೇರೆ.

ಇಲ್ಲಿ ಏನಾಯಿತು ಅನ್ನುವುದನ್ನು ಪೂರ್ತಿ ಹೇಳಬೇಕು, ಯಾಕೆಂದರೆ ಆಗ ಇದನ್ನು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಈ ಬಂದೂಕಿಗೆ ಹಾಕುವ ಕರಿಮದ್ದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನ ಪದಾರ್ಥವಾಗಿಯೇ ಉಳಿಯುತ್ತದೆ. ಒಂದಷ್ಟು ಹೊಗೆಯ ಜೊತೆ ಹಾರುತ್ತದೆ, ಮಿಕ್ಕಿದ್ದು ನಳಿಗೆಗೆ ಅಂಟುತ್ತದೆ. ಅದರಲ್ಲಿ ಇರುವುದು ಬಹುಪಾಲು ಪೊಟ್ಯಾಸಿಯಂ ಲವಣಗಳು, ಗಾಳಿಯ ತೇವವನ್ನು ಎಳೆದುಕೊಳ್ಳುವಂಥವು. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುತ್ತದಲ್ಲ, ಹಾಗೆಯೇ. ಈ ಲವಣ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ನಾನು ಎಣ್ಣೆ ಹಾಕಿ ಮಾಡಿದ್ದು ಇಷ್ಟೇ: ಉಪ್ಪನ್ನು ಕಬ್ಬಿಣಕ್ಕೆ ಅಂಟಿಸಿ, ಮೇಲೊಂದು ಹೊದಿಕೆ ಹೊದಿಸಿದೆ. ಮದ್ದು ಉರಿಯುವುದು ನಳಿಗೆಯ ತಳದಲ್ಲಿ, ಕಸರು ಹೆಚ್ಚು ಕೂರುವುದೂ ಅಲ್ಲೇ. ನನ್ನ ಒಣ ಅರಿವೆ ಸರಿಯಾಗಿ ಮುಟ್ಟದೆ ಇದ್ದದ್ದೂ ಅದೇ ಮೂಲೆ. ಬಾಯಿಗೆ ಮೇಣ ಮೆತ್ತಿದ್ದರಿಂದ ಒಳಗಿನ ತೇವ ಹೊರಗೆ ಹೋಗಲು ಆ ದಾರಿಯೂ ಇಲ್ಲ.

ಎಪ್ರಿಲ್, ಮೇ, ನಡುವೆ ಎರಡು ಅಡ್ಡಮಳೆ. ಫಲಿತಾಂಶ ಜೂನ್ 4ಕ್ಕೆ ಬಂತು, ಬಂದೂಕು ಕೈಗೆ ಸಿಗುವಾಗ ಮಿರಗದ ಮಳೆ ಹಿಡಿದಿತ್ತು. ಠಾಣೆಯವರ ತಪ್ಪು ಒಂದಿಷ್ಟೂ ಇಲ್ಲ, ಕೊಟ್ಟ ಹಾಗೆಯೇ ಇಟ್ಟಿದ್ದರು. ಮನೆಗೆ ಬಂದು ಮೇಣ ಕಿತ್ತು ಬಿಸಿನೀರು ಹುಯ್ದೆ. ಕೆಮ್ಮಣ್ಣಿನ ರಾಡಿಯಂಥದ್ದು ಇಳಿಯಿತು. ಹುಬ್ಬಳ್ಳಿಯಲ್ಲಿ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ದೆ. ವಯಸ್ಸಾದವರು. ಸಣ್ಣ ದೀಪ ಇಳಿಬಿಟ್ಟು ಬಹಳ ಹೊತ್ತು ನೋಡಿದರು. "ತಳದಾಗ ಹುಳ ತಿಂದ ಹಲ್ಲಿನಂಗ ಆಗೇತ್ರಿ. ಇನ್ನ ಇದರಾಗ ಮದ್ದ ಹಾಕಬ್ಯಾಡ್ರಿ, ಮಾರಿ ಮುಂದ ಒಡದೀತು" ಅಂದರು. ಮೂರು ತಲೆಮಾರು ಬಾಳಿದ ನಳಿಗೆ, ಒಂದು ಹಂಡೆ ಬಿಸಿನೀರು ಉಳಿಸಲು ಹೋಗಿ ಕಳೆದುಕೊಂಡೆ. ಆ ವರ್ಷ ದಸರೆಯ ಖಂಡೆ ಪೂಜೆಯಲ್ಲಿ ಅದಕ್ಕೆ ಕುಂಕುಮ ಹಚ್ಚುವಾಗ ಅಪ್ಪ ನನ್ನ ಮುಖ ನೋಡಲಿಲ್ಲ.

ಹೊಡೆದ ದಿನವೇ ತೊಳೆಯಿರಿ. ನಳಿಗೆ ಖಾಲಿ ಇರುವುದನ್ನು ಖಾತ್ರಿ ಮಾಡಿಕೊಂಡು ಬಿಸಿನೀರು ಹುಯ್ದು ಗಜಕ್ಕೆ ಅರಿವೆ ಸುತ್ತಿ ಆಡಿಸಿದರೆ ಕೇಪು ಕೂರುವ ತೂತಿನಿಂದ ಮೊದಲು ಕರಿ ನೀರು ಬರುತ್ತದೆ, ಆಮೇಲೆ ಬೂದಿ ಬಣ್ಣದ್ದು, ಆಮೇಲೆ ತಿಳಿ. ತಿಳಿ ಬರುವ ತನಕ ಬಿಡಬೇಡಿ. ನಳಿಗೆ ಬಿಸಿಯಿರುವಾಗಲೇ ಒಣಗಿಸಿ, ಎಣ್ಣೆ ಕೊನೆಗೆ. ಮರುದಿನ ಮತ್ತೊಮ್ಮೆ ಬಿಳಿ ಅರಿವೆ ಹಾಕಿ ನೋಡಿ.

ಹಾಗಾಗಿ "ಯಾವ ಬಂದೂಕು ಕೊಳ್ಳಲಿ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೊಳ್ಳುವುದು ಆಮೇಲೆ. ಮೊದಲು ಸಾಮಾನು ಮಾಡಿ, ಅದೂ ಗಜದಿಂದ ಶುರು ಮಾಡಿ. ಎಲ್ಲರಿಗೂ ಮದ್ದು ತುಂಬಿಡುವ ಕೊಂಬಿನ ಮೇಲೆ ಕಣ್ಣು, ಗಜ ಬರೀ ಕೋಲು ಅನ್ನಿಸುತ್ತದೆ. ಕಟ್ಟಿಗೆಯನ್ನು ಗರಗಸದಿಂದ ಕೊಯ್ಯಬೇಡಿ, ಎಳೆಯ ಜಾಡು ಹಿಡಿದು ಸೀಳಿ. ಎಳೆ ಅಡ್ಡ ಹಾದಿದ್ದರೆ ಒತ್ತುವಾಗ ಓರೆಯಾಗಿ ಮುರಿದು ಅಂಗೈಗೆ ನುಗ್ಗುತ್ತದೆ. ತುದಿಗೆ ಹಿತ್ತಾಳೆಯ ಟೋಪಿ. ನನ್ನದನ್ನು ಗೋಕುಲ ರಸ್ತೆಯ ಲೇತ್ ಅಂಗಡಿಯೊಂದರಲ್ಲಿ ಮಾಡಿಸಿದೆ. ಅರಿವೆ ಹಳೆಯ ಹತ್ತಿ ಧೋತರದ್ದಿರಲಿ. ಟೆರಿಕಾಟ್ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ.

ಕೊಂಬಿಗೆ ನಮ್ಮ ಧಾರವಾಡಿ ಎಮ್ಮೆಗಿಂತ ಒಳ್ಳೆಯದು ಬೇಕಿಲ್ಲ, ಕುಡುಗೋಲಿನಂತೆ ಬಾಗಿ ಸೊಂಟಕ್ಕೆ ಒಪ್ಪಿ ಕೂರುತ್ತದೆ. ನಾನು ಬಳಸಿದ್ದು ನಮ್ಮದೇ ಕೊಟ್ಟಿಗೆಯಲ್ಲಿ ಸತ್ತ ಎಮ್ಮೆಯದು. ಕುದಿಸಿ ಒಳಗಿನ ಎಲುಬು ಕಳಚಿ, ತಂತಿ ಇಳಿಸಿ ಪೊಳ್ಳು ಎಲ್ಲಿಗೆ ಮುಗಿಯುತ್ತದೆ ಅಂತ ಹೊರಗೆ ಗುರುತು ಹಾಕಿಕೊಳ್ಳಿ. ತುದಿಯಿಂದ ಆ ಪೊಳ್ಳಿಗೆ ಸೇರುವಂತೆ ತೂತು ಕೊರೆಯಬೇಕು. ಕೊಂಬು ಬಾಗಿರುವುದರಿಂದ ಬೈರಿಗೆ ಪಕ್ಕಕ್ಕೆ ಹಾಯುತ್ತದೆ, ನಿಧಾನ. ಮೇಲ್ಮೈಯನ್ನು ಒಡೆದ ಗಾಜಿನ ಅಂಚಿನಿಂದ ಹೆರೆದರೆ ಬರುವ ನುಣುಪು ಯಾವ ಉಪ್ಪುಕಾಗದದಿಂದಲೂ ಬರುವುದಿಲ್ಲ. ಅಗಲ ಬಾಯಿಯನ್ನು ಬಿಸಿನೀರಿನಲ್ಲಿ ಮೆದು ಮಾಡಿ ದುಂಡಗೆ ತಂದು, ಚೆನ್ನಾಗಿ ಒಣಗಿದ ಸಾಗವಾನಿಯ ಬಿರಡೆ ಕೂರಿಸಿ ಜೇನುಮೇಣ ತುಂಬಿ. ಹಸಿ ಕಟ್ಟಿಗೆ ಹಾಕಿದರೆ ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಮೊಳೆ ಹಿತ್ತಾಳೆಯದೋ ಕಟ್ಟಿಗೆಯದೋ ಆಗಲಿ, ಮದ್ದಿನ ಹತ್ತಿರ ಕಿಡಿ ಹಾರುವ ಕಬ್ಬಿಣ ಬೇಡವೇ ಬೇಡ. ಕಾಡುಕೋಣ, ಜಿಂಕೆ, ಕಡವೆಯ ಕೊಂಬು ಚಂದ ಅಂತ ಆಸೆಪಡಬೇಡಿ. ಕಾಡಿನಲ್ಲಿ ಬಿದ್ದು ಸಿಕ್ಕಿದ್ದನ್ನು ಎತ್ತಿಟ್ಟುಕೊಂಡರೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಕೊಂಬಿನಿಂದ ನೇರ ನಳಿಗೆಗೆ ಮದ್ದು ಸುರಿಯಬೇಡಿ. ಹಿಂದಿನ ಹೊಡೆತದ ಕೆಂಡ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಕೊಂಬೇ ಬಾಂಬು. 1971ರಿಂದ ನಡೆಯುತ್ತಿರುವ, ಬಾಯಿಯಿಂದ ಮದ್ದು ತುಂಬುವ ಬಂದೂಕಿನವರ ಅಂತರರಾಷ್ಟ್ರೀಯ ಒಕ್ಕೂಟ ಎಂಎಲ್‌ಎಐಸಿಯ ಸ್ಪರ್ಧೆಗಳಲ್ಲೂ ಮೊದಲೇ ಅಳೆದಿಟ್ಟ ಒಂದೊಂದೇ ಕೊಳವೆಯಿಂದ ತುಂಬಬೇಕು. ಅಂಥ ಅಳತೆ ಕೊಳವೆಗಳನ್ನು ಕೊಂಬಿನ ತುಂಡಿನಲ್ಲೇ ಮಾಡಬಹುದು. ಚೀಲದ ಬಗ್ಗೆ ಹೇಳುವಂಥದ್ದೇನಿಲ್ಲ, ಚಪ್ಪಲಿ ಹೊಲಿಯುವವರ ಹತ್ತಿರ ಒಂದು ಮಧ್ಯಾಹ್ನ ಕೂತರೆ ಕಲಿಯುತ್ತೀರಿ. ಮದ್ದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ, ಲೈಸೆನ್ಸ್ ಇರುವ ಅಂಗಡಿಯಿಂದಲೇ ತನ್ನಿ. ತೋಟಾ ಬಿಚ್ಚಿ ತೆಗೆದ ಹೊಗೆರಹಿತ ಮದ್ದು ಈ ನಳಿಗೆಗಳಿಗೆ ಒಂದು ಚಿಟಿಕೆಯೂ ಆಗದು, ಒತ್ತಡ ತಾಳದೆ ಒಡೆಯುತ್ತವೆ.

ಈಗ ನಿಮ್ಮ ಅಟ್ಟದ ವಿಷಯ. ಕೊಡವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮ್ಮಾ ಭೂಮಿ ಹಿಡಿದವರಿಗೂ ಇರುವ ಲೈಸೆನ್ಸ್ ವಿನಾಯಿತಿ ನಮಗಿಲ್ಲ. ಲೈಸೆನ್ಸ್ ಹೊಂದಿದವರು ತೀರಿಕೊಂಡರೆ 1959ರ ಆಯುಧ ಕಾಯ್ದೆಯ 21ನೇ ಕಲಂ ಪ್ರಕಾರ ಬಂದೂಕನ್ನು ತಡಮಾಡದೆ ಠಾಣೆಗೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಒಪ್ಪಿಸಬೇಕು. ಎರಡು ವರ್ಷ ಆಗಿಹೋಗಿದೆ, ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ಈ ವಾರವೇ ಠಾಣೆಯಲ್ಲಿ ಮಾತಾಡಿ, ಆಮೇಲೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಹೊಸದರ ಯೋಚನೆ ಈಗ ಬೇಡ, ಇರುವುದು ಉಳಿಯಲಿ.

ಮತ್ತೆ, ಅದನ್ನು ನೀವಾಗಿ ಕೆಳಗಿಳಿಸಬೇಡಿ. ಕೇಪಿನ ಬಂದೂಕಿಗೆ ಮದ್ದು ತುಂಬಿ ಹಾಗೆಯೇ ಮೂಲೆಗಿಟ್ಟು ಮರೆಯುವುದು ನಮ್ಮ ಕಡೆ ಹೊಸದೇನಲ್ಲ, ವರ್ಷಗಟ್ಟಲೆ ಕೂತ ಮದ್ದೂ ಹೊತ್ತಿಕೊಳ್ಳುತ್ತದೆ. ಠಾಣೆಯವರು ಬರುವ ಮುಂಚೆ ಮನೆಯ ಹಿರಿಯರನ್ನು ಕೂಡಿಸಿಕೊಂಡು ಕೇಳಿ: ಅಜ್ಜ ಅದನ್ನು ಕಡೆಯ ಸಲ ತುಂಬಿದ್ದು ಯಾವಾಗ, ತುಂಬಿದ್ದನ್ನು ಹೊಡೆದದ್ದು ಯಾರಾದರೂ ಕೇಳಿದ್ದಾರಾ ಅಂತ.