ಜ್ಯೂಕ್ಸಾಪ್ಟಾ ಸೀರಿಯೋಲೆ ಎಂಬ ಚಪ್ಪಟೆ ಹುಳು ಮೀನಿನ ಕಿವಿರಿನಲ್ಲಿ ಹೇಗೆ ಬದುಕುತ್ತದೆ?

ಇದು ಮೊನೊಜೀನಿಯ ಎಂಬ ಚಪ್ಪಟೆ ಹುಳುಗಳ ಗುಂಪಿಗೆ ಸೇರಿದ ಪರಾವಲಂಬಿ. ಆಸ್ಟ್ರೇಲಿಯಾದ ಕಡಲಿನಲ್ಲಿ ಬಲೆಪಂಜರಗಳಲ್ಲಿ ಸಾಕುವ ಯೆಲ್ಲೋಟೇಲ್ ಕಿಂಗ್‌ಫಿಶ್‌ನ ಕಿವಿರು ಇದರ ಪ್ರಮುಖ ನೆಲೆ. (ನಮ್ಮ ಕರಾವಳಿಯಲ್ಲಿ ಕಿಂಗ್‌ಫಿಶ್ ಎಂದು ಕರೆಯುವ ಅಂಜಲ್ ಬೇರೆಯೇ ಮೀನು.) ದೇಹದ ಹಿಂತುದಿಯಲ್ಲಿ ಸಾಲುಗಟ್ಟಿರುವ ಚಿಮಟದಂಥ ಹಿಡಿಕೆಗಳಿಂದ ಕಿವಿರಿನ ತೆಳುಪದರಗಳನ್ನು ಕಚ್ಚಿ ಹಿಡಿದುಕೊಳ್ಳುವ ಈ ಹುಳು, ಚರ್ಮದ ಮೇಲೆ ವಾಸಿಸಿ ಹೊರಪದರವನ್ನು ಮೇಯುವ ತನ್ನ ಬಂಧು ಬೆನೆಡೀನಿಯಾ ಸೀರಿಯೋಲೆಯಂತಲ್ಲದೆ, ನೇರವಾಗಿ ರಕ್ತವನ್ನೇ ಹೀರುತ್ತದೆ. ಹಾಗಾಗಿ ಹುಳುಗಳ ಸಂಖ್ಯೆ ಹೆಚ್ಚಿದರೆ ಮೀನಿಗೆ ರಕ್ತಹೀನತೆ ಉಂಟಾಗಿ, ಕಿವಿರು ಬಿಳಿಚಿಕೊಂಡು, ಕೊನೆಗೆ ಸಾವೂ ಸಂಭವಿಸಬಹುದು.

ಇದರ ಜೀವನಚಕ್ರಕ್ಕೆ ಬಸವನಹುಳುವಿನಂಥ ಮಧ್ಯಂತರ ಆತಿಥೇಯ (ಮರಿಹಂತದಲ್ಲಿ ಆಶ್ರಯ ಕೊಡುವ ಇನ್ನೊಂದು ಜೀವಿ) ಬೇಕಿಲ್ಲ. ನನ್ನ ದೃಷ್ಟಿಯಲ್ಲಿ ಸಾಕಣೆದಾರರ ನಿಜವಾದ ತಲೆನೋವು ಇದೇ. ಪ್ರತಿಯೊಂದು ಹುಳುವೂ ದ್ವಿಲಿಂಗಿಯಾಗಿದ್ದು, ಅದು ಇಡುವ ಮೊಟ್ಟೆಗಳು ತಮ್ಮ ಉದ್ದನೆಯ ಎಳೆಗಳಿಂದ ಒಂದಕ್ಕೊಂದು ತೊಡರಿಕೊಂಡು ಪಂಜರದ ಬಲೆಗೂ ಸಿಕ್ಕಿಕೊಳ್ಳುವುದರಿಂದ, ಅಲ್ಲಿ ಒಡೆದು ಹೊರಬರುವ ಈಜುಮರಿಗಳಿಗೆ ಹೊಸ ಮೀನು ಪಕ್ಕದಲ್ಲೇ ದೊರೆಯುತ್ತದೆ. ತೆರೆದ ಕಡಲಿನಲ್ಲಿ ಇಂಥ ಅನುಕೂಲ ಅಪರೂಪ.

ಮೀನುಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿನಲ್ಲಿ ಅದ್ದುವುದು ರೂಢಿಯಲ್ಲಿರುವ ಚಿಕಿತ್ಸೆ. ಅದರಿಂದ ಹುಳುಗಳು ಉದುರುತ್ತವೆ, ಆದರೆ ಗಟ್ಟಿ ಕವಚದ ಮೊಟ್ಟೆಗಳು ಉಳಿದುಬಿಡುತ್ತವೆ. ಆದ್ದರಿಂದ ಅವು ಒಡೆದ ಮೇಲೆ, ಆದರೆ ಹೊಸ ಪೀಳಿಗೆ ಬೆಳೆದು ಮೊಟ್ಟೆಯಿಡುವ ಮೊದಲೇ, ಎರಡನೆಯ ಬಾರಿ ಚಿಕಿತ್ಸೆ ನೀಡಬೇಕು. ನೀರು ಬೆಚ್ಚಗಿದ್ದಷ್ಟೂ ಈ ಅಂತರ ಕಿರಿದಾಗುತ್ತದೆ.