ಮಳೆಯಿಲ್ಲದೆ ಗಣೇಶಗುಡಿಯಲ್ಲಿ ಕಾಳಿ ನದಿ ಏರಿದ್ದೇಕೆ? – ಪ್ರತಿಕ್ರಿಯೆ

ಬಹುಪಾಲು ಅದು ನದಿಯ ಮೇಲ್ಭಾಗದ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ಬಿಟ್ಟ ನೀರು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದದ್ದು ಹನ್ನೊಂದಕ್ಕೆ ಬಂಡೆಯನ್ನೇ ಮುಚ್ಚಿತು ಅಂದಿದ್ದೀರಿ. ಅಣೆಕಟ್ಟಿನ ಬುಡದ 50 ಮೆಗಾವ್ಯಾಟಿನ ಎರಡು ಘಟಕಗಳಲ್ಲಿ ಒಂದಾದರೂ ಚಾಲೂ ಆಗಿರಬೇಕು. ನಿಂತ ಟರ್ಬೈನು ಪೂರ್ತಿ ಸಾಮರ್ಥ್ಯಕ್ಕೆ ಬರಲು ಕೆಲವೇ ನಿಮಿಷ ಸಾಕು. ನೀರು ಬಿಡುವ ಮುನ್ಸೂಚನೆಯ ಸೈರನ್ ಕೇಳಿಸದಿದ್ದರೆ ನೀರು ಬರುವುದಿಲ್ಲ ಅಂದುಕೊಳ್ಳಬೇಡಿ.

ಮುಂದಿನ ಸಲ ಹೊರಡುವ ಮುನ್ನ ರಾಫ್ಟಿಂಗ್ ನಡೆಸುವವರನ್ನು ಆ ದಿನದ ನೀರಿನ ಸಮಯ ಕೇಳಿ. ಅವರ ದಂಧೆಯೇ ಆ ನೀರಿನ ಮೇಲೆ ನಿಂತಿದೆ. ಆದರೂ ವಿದ್ಯುತ್ ಬೇಡಿಕೆ ನೋಡಿ ಸಮಯ ಬದಲಾಗಬಹುದು.

ಕೂರುವ ಮೊದಲು ಬಂಡೆ ನೋಡಿ. ಹುಲ್ಲು, ಒಣ ಪಾಚಿ ಇಲ್ಲದೆ ತೊಳೆದಂತಿದ್ದರೆ, ಪೊದೆಗಳಲ್ಲಿ ಕಸಕಡ್ಡಿ ಸಿಕ್ಕಿಕೊಂಡಿದ್ದರೆ ನೀರು ಅಲ್ಲಿಯವರೆಗೂ ಬರುತ್ತದೆ. ಆ ಗೆರೆಗಿಂತ ಮೇಲೆ, ವಾಹನ ನಿಲ್ಲಿಸಿದ ದಡದಲ್ಲೇ ಇರಿ. ನಡುಗಡ್ಡೆಗೆ ದಾಟಲೇಬೇಡಿ. 2014ರ ಜೂನ್ 8ರಂದು ಹಿಮಾಚಲದಲ್ಲಿ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಬಿಯಾಸ್ ನದಿಯ ಬಂಡೆಗಳ ಮೇಲಿದ್ದ 24 ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು.

ನೀರಿನಂಚಿಗೆ ಒಂದು ಕಲ್ಲಿಟ್ಟು ಗುರುತು ಮಾಡಿ, ಒಬ್ಬರು ಅದನ್ನೇ ನೋಡುತ್ತಿರಲಿ. ಒಂದು ಬೆರಳಿನಷ್ಟು ಏರಿದರೂ, ಎಲೆಕಡ್ಡಿ ತೇಲಿಬಂದರೂ ಮಕ್ಕಳನ್ನೆತ್ತಿಕೊಂಡು ಮೇಲಕ್ಕೆ ನಡೆಯಿರಿ. ಚಪ್ಪಲಿ, ಬ್ಯಾಗು ಹೋದರೆ ಹೋಗಲಿ.

ಸಿಕ್ಕಿಬಿದ್ದರೆ ಎತ್ತರದ ಬಂಡೆ ಹತ್ತಿ 112ಕ್ಕೆ ಕರೆ ಮಾಡಿ. ಮೊಣಕಾಲುದ್ದದ ಸೆಳೆತವೂ ಬೀಳಿಸುತ್ತದೆ, ದಾಟಲು ಹೋಗಬೇಡಿ. ಕೊಚ್ಚಿಹೋದರೆ ಅಂಗಾತ ಮಲಗಿ, ಪಾದಗಳನ್ನು ಮುಂದಕ್ಕೆ ಚಾಚಿ ತೇಲಿ. ಹರಿವಿನ ನಡುವೆ ನಿಲ್ಲಲು ಹೋದರೆ ಕಾಲು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ.